ಒಂದು ತುತ್ತು ಹೆಚ್ಚು

ಅವಳು ಕೊಟ್ಟಿಗೆಯ ಬಾಗಿಲಿಂದ ನೋಡುತ್ತಿದ್ದಳು. ಡಾಕ್ಟರು ಹಂದಿಯ ಕಿವಿಯಂಚಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಪರೀಕ್ಷೆಯ ಪಟ್ಟಿಗೆ ಮುಟ್ಟಿಸಿದರು. ಅಂಗೈಯಲ್ಲಿದ್ದ ಪುಟ್ಟ ಯಂತ್ರ ಕೀಚ್ ಎಂದಿತು. ಅಂಕಿ ನೋಡಿ ಅವರ ಹುಬ್ಬು ಗಂಟಿಕ್ಕಿತು.

"ಕೀಟೋನ್ ಏರಿದೆ. ಹಸುವಿನಲ್ಲಿ ಏರೋಷ್ಟು ಸುಲಭಕ್ಕೆ ಹಂದೀಲಿ ಏರಲ್ಲ ಇದು. ಮೈ ತುಂಬಾ ಬಂದಿತ್ತಾ?"

"ಮೈ ಬಂದ್ರೆ ಒಳ್ಳೇದಲ್ವಾ ಡಾಕ್ಟ್ರೇ?" ಅವಳ ಗಂಡ ಕೇಳಿದ.

"ಕೊಬ್ಬಿದ ಹಂದಿ ಮರಿ ಹಾಕೋ ಹೊತ್ತಿಗೆ ತಿನ್ನೋದು ಬಿಡುತ್ತೆ. ಹೊಟ್ಟೇಲಿರೋ ಮರಿಗಳಿಗೆ ಅಂತ ತನ್ನ ಕೊಬ್ಬನ್ನೇ ಕರಗಿಸುತ್ತೆ. ಕೀಟೋನ್ ಹುಟ್ಟೋದು ಅದರಿಂದ. ಅಷ್ಟಿಷ್ಟು ಇದ್ರೆ ಮೈಗೆ ಉರುವಲು. ಮಿತಿ ಮೀರಿದ್ರೆ ತಾಯಿನೂ ಸೊರಗುತ್ತೆ, ಮರಿನೂ ಉಳಿಯಲ್ಲ."

ಸತ್ತ ಮರಿಗಳ ಮೇಲೆ ಗೋಣಿಚೀಲ ಹೊದಿಸಿತ್ತು. ಬದುಕಿದ ಎರಡು ಮಾತ್ರ ದೀಪದ ಕಾವಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಗಂಡ ತಮ್ಮನ ಕಡೆ ತಿರುಗಿದ.

"ಮೇವು ಅಳತೆ ಮಾಡಿ ಹಾಕು ಅಂತ ಬಡ್ಕೊಂಡಿದ್ದೆ ನಿಂಗೆ."

"ಅಳತೆ ಮಾಡೇ ಹಾಕಿದ್ದೀನಣ್ಣ."

"ಹಾಗಾದ್ರೆ ಗಾಳಿ ಕುಡಿದು ಊದಿಕೊಳ್ತಾ ಅದು?"

ಅವಳು ಬಕೆಟ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅಣ್ಣತಮ್ಮಂದಿರು ಮಧ್ಯಾಹ್ನ ಊಟ ಮಾಡಿ ಅಡ್ಡಾದಾಗ, ಊರ ಬೇಕರಿಯಿಂದ ತಂದ ಹಳೇ ಬ್ರೆಡ್ಡು, ಬೆಂದ ಆಲೂಗಡ್ಡೆ ಸೆರಗಿನಲ್ಲಿ ಕಟ್ಟಿಕೊಂಡು ಇಲ್ಲಿಗೆ ಬರುತ್ತಿದ್ದವಳು ಅವಳೇ. ಗಂಡ ತಟ್ಟೆಯಲ್ಲಿ ಏನಿದೆಯೆಂದು ನೋಡದೆ ಉಣ್ಣುವವನು. ಈ ಹಂದಿಯೋ, ಅವಳ ಹೆಜ್ಜೆ ಸದ್ದಿಗೇ ಎದ್ದು ನಿಲ್ಲುತ್ತಿತ್ತು, ಚಪ್ಪರಿಸಿ ತಿಂದು ಮತ್ತೆ ಮುಖ ನೋಡುತ್ತಿತ್ತು. ಬಸುರಿ ಬೇರೆ, ಒಂದು ತುತ್ತು ಹೆಚ್ಚು ತಿಂದರೇನು ಎಂದುಕೊಂಡಿದ್ದಳು.

ಈಗ ಬಾಯಿ ತೆರೆಯಬೇಕಿತ್ತು. ಬಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು, ಅಷ್ಟೇ. ಡಾಕ್ಟರು ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟು, ಸಕ್ಕರೆ ನೀರು ಕುಡಿಸುತ್ತಿರಿ ಎಂದು ಹೇಳಿ ಹೊರಟರು. ಮೈದುನ ಕೊಟ್ಟಿಗೆಯ ಬೀಗದ ಕೈಯನ್ನು ಅಣ್ಣನ ಕೈಗಿಟ್ಟ.

"ನಾಳೆಯಿಂದ ನೀನೇ ನೋಡ್ಕೋ."

ಸತ್ತ ಮರಿಗಳನ್ನು ಗೋಣಿಗೆ ತುಂಬಿ ಹೊತ್ತು ಹಿತ್ತಲಿಗೆ ನಡೆದ ಅವನ ಹಿಂದೆಯೇ ಅವಳು ಹೋದಳು.

"ತಪ್ಪು ನಂದು," ಎಂದಳು. "ನಾನು ತಿನ್ನಿಸ್ತಿದ್ದೆ."

"ಗೊತ್ತು ಅತ್ತಿಗೆ. ತೊಟ್ಟಿ ತೊಳಿಯೋನು ನಾನು. ಬ್ರೆಡ್ ಚೂರು ಕಾಣಲ್ವಾ?"

"ಮತ್ತೆ ಅಷ್ಟು ಬೈಸಿಕೊಂಡು ಸುಮ್ನಿದ್ಯಲ್ಲ?"

ಅವನು ಗೋಣಿಯನ್ನು ಮೆಲ್ಲಗೆ ನೆಲಕ್ಕಿಳಿಸಿದ. "ನೀವೇ ಹೇಳ್ತೀರಿ ಅಂತ ಕಾದೆ."

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ತಲೆಯೆತ್ತದೆ ಕೊಟ್ಟಿಗೆಗೆ ವಾಪಸು ಬಂದಳು. ಗಂಡ ಹಂದಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಟಲಿಯಿಂದ ಸಕ್ಕರೆ ನೀರು ಕುಡಿಸುತ್ತಿದ್ದ. ಅದರ ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆಯಿತ್ತು.

"ರೀ, ಅವನ ತಪ್ಪೇನಿಲ್ಲ," ಎಂದು ಶುರುಮಾಡಿ, ನಿಲ್ಲಿಸದೆ ಎಲ್ಲ ಹೇಳಿದಳು. ತಾನು ಈಗಷ್ಟೇ ಬಾಯಿ ಮುಚ್ಚಿಕೊಂಡು ನಿಂತದ್ದನ್ನೂ ಹೇಳಿದಳು.

ಅವನು ಹಂದಿಯ ತಲೆಯನ್ನು ತೊಡೆಯಿಂದ ಮೆಲ್ಲಗೆ ನೆಲಕ್ಕಿಳಿಸಿದ. ಆಮೇಲೆ ಬಾಟಲಿಯನ್ನು ಅವಳ ಕೈಗೆ ಕೊಟ್ಟು ಎದ್ದ.

ಅವಳು ಅವನು ಕೂತಿದ್ದ ಜಾಗದಲ್ಲೇ ಕೂತಳು. ಹಂದಿ ಒಂದು ಗುಟುಕು ನುಂಗಿತು, ಇನ್ನೊಂದು ಕಟವಾಯಿಯಿಂದ ಸೋರಿತು. ಕಿಟಕಿಯಾಚೆ ಮೈದುನ ಗುಂಡಿ ತೋಡುತ್ತಿದ್ದ. ಗಂಡ ಹೋಗಿ ಅವನ ಸಲಿಕೆಗೆ ಕೈ ಹಾಕಿದ. ಮೈದುನ ಬಿಟ್ಟುಕೊಡಲಿಲ್ಲ. ಇಬ್ಬರೂ ಒಂದೇ ಸಲಿಕೆ ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ, ಹಾಗೇ ನಿಂತಿದ್ದರು.