ಬಾಣಾವರದ ಬೌಲರ್

ಇಪ್ಪತ್ತಮೂರು ವರ್ಷ ಟೆನಿಸ್ ಬಾಲ್ ಕ್ರಿಕೆಟ್ ಆಡಿದ್ದೇನೆ. ಅರಸೀಕೆರೆ, ಬೇಲೂರು, ಹಳೇಬೀಡು, ಯಾರು ದುಡ್ಡು ಕೊಟ್ಟು ಕರೆದರೋ ಅವರ ಜರ್ಸಿ ಹಾಕಿಕೊಂಡು ಬೌಲ್ ಮಾಡಿದ್ದೇನೆ. ನಮ್ಮೂರು ಹಾರನಹಳ್ಳಿಗೆ ಮಾತ್ರ ಒಂದು ಪಂದ್ಯವನ್ನೂ ಆಡಿಲ್ಲ. ಹಾಸನದಲ್ಲಿ ಒಮ್ಮೆ ಲೆದರ್ ಬಾಲಿನ ಆಯ್ಕೆಗೆ ಹೋಗಿದ್ದೆ. ಮೊಣಕೈ ಮಡಚಿ ಎಸೆಯುತ್ತೀಯ ಎಂದು ಮೂರೇ ಬಾಲಿಗೆ ಹೊರಗೆ ಕಳಿಸಿದರು. ಟೆನಿಸ್ ಬಾಲಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ವಿಕೆಟ್ ಬಿದ್ದರೆ ಸಾಕು.

ಈಗ ನನಗೆ ನಲವತ್ತೆರಡು. ಬಲಭುಜ ಹಾಳಾಗಿದೆ. ಇನ್ನು ಬಾಲ್ ಮುಟ್ಟಬೇಡ ಎಂದು ಡಾಕ್ಟರು ಹೇಳಿಬಿಟ್ಟರು. ಕೈ ಪೂರ್ತಿ ನಿಂತುಹೋಗುವ ಮೊದಲು ನಮ್ಮೂರಿಗಾಗಿ ಒಂದು ಪಂದ್ಯ ಆಡಬೇಕು, ಆಗ ನನಗೆ ಉಳಿದಿದ್ದು ಅದೊಂದೇ ಆಸೆ.

ಒಂದು ಭಾನುವಾರ ನಮ್ಮೂರ ಮೈದಾನದಲ್ಲೇ ಟೂರ್ನಮೆಂಟ್ ಇತ್ತು. ನಮ್ಮೂರ ತಂಡಕ್ಕೆ ನನ್ನ ಅಕ್ಕನ ಮಗ ಮನು ನಾಯಕ. ಹೆಸರು ಬರೆದುಕೊಳ್ಳುತ್ತಿದ್ದವನು ಚನ್ನೇಶ್, ನನ್ನ ಜೊತೆ ಓದಿದವನು. ಆಧಾರ್ ಕಾರ್ಡ್ ಕೇಳಿದ. ಬಾಡಿಗೆ ಆಟಗಾರರನ್ನು ತಡೆಯಲು ಏಳೆಂಟು ವರ್ಷದಿಂದ ಎಲ್ಲ ಕಡೆ ಇದೇ ನಿಯಮ. ಕಾರ್ಡಿನಲ್ಲಿ ಯಾವ ಊರಿದೆಯೋ ಆ ಊರಿಗೇ ಆಡಬೇಕು.

"ಏನ್ಲಾ ಬೀರೇಶ, ಇದ್ರಲ್ಲಿ ಬಾಣಾವರ ಅಂತ ಐತೆ!"

ಆರು ವರ್ಷದ ಹಿಂದೆ ಬಾಣಾವರದ ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪ ತಮ್ಮ ತಂಡಕ್ಕೆ ನಾನು ಬೇಕೆಂದು ನನ್ನ ಆಧಾರನ್ನು ತಮ್ಮ ಗೋಡೌನಿನ ವಿಳಾಸಕ್ಕೆ ಬದಲಾಯಿಸಿದ್ದರು. ನಾನೂ ಹೆಬ್ಬೆಟ್ಟು ಒತ್ತಿ ಬಂದಿದ್ದೆ. ಭುಜ ಕೆಟ್ಟ ಮೇಲೆ ಅವರು ನನ್ನನ್ನು ಕೈಬಿಟ್ಟರು. ಕಾರ್ಡನ್ನು ತಿದ್ದಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ನಾನಿದ್ದಿದ್ದು ಹಾರನಹಳ್ಳಿಯ ಮನೆಯಲ್ಲೇ ಅಲ್ಲವೇ!

"ನಾನ್ ಯಾವೂರೋನು ಅಂತ ನಿಂಗೊತ್ತಿಲ್ವೇನೋ? ಒಂದೇ ಬೆಂಚಲ್ಲಿ ಕೂತಿದ್ವಲ್ಲೋ!"

"ಗೊತ್ತೈತೆ ಕಣ್ಲಾ. ನಿನ್ನ ಸೇರಿಸ್ಕಂಡ್ರೆ ನಮ್ ಟೀಮ್ನೇ ಆಚೆ ಹಾಕುಸ್ತಾರೆ."

ಮನು ಶೂ ಕಟ್ಟಿಕೊಳ್ಳುತ್ತಾ, "ಬಿಡು ಮಾವ, ನಿಂಗೂ ವಯಸ್ಸಾತು. ಸುಮ್ನೆ ಕೂತು ಮ್ಯಾಚ್ ನೋಡು" ಎಂದ.

ಕೆನ್ನೆಗೆ ಬಾರಿಸಲು ಕೈ ಎತ್ತಿದೆ. ಅದು ಎದೆಯಿಂದ ಮೇಲೆ ಹೋಗಲಿಲ್ಲ. ಹುಡುಗರು ಬಿದ್ದು ಬಿದ್ದು ನಕ್ಕರು.

"ಈ ಕೈಲಿ ಬೌಲಿಂಗ್ ಬ್ಯಾರೆ!"

ಸಂಜೆ ಫೈನಲ್ಲಿಗೆ ಹಾರನಹಳ್ಳಿಯ ಎದುರು ಬಂದದ್ದು ಷಡಕ್ಷರಪ್ಪನವರ ತಂಡವೇ. ಸೆಮಿಫೈನಲ್‌ನಲ್ಲಿ ಅವರ ಒಬ್ಬ ಬೌಲರ್ ಕಾಲು ಉಳುಕಿಸಿಕೊಂಡಿದ್ದ. ಷಡಕ್ಷರಪ್ಪನವರು ನೇರ ನನ್ನ ಹತ್ತಿರ ಬಂದರು.

"ಬಾರೋ ಬೀರೇಶ. ನಿನ್ ಕಾರ್ಡು ನಮ್ದೇ ಅಲ್ವೇನೋ?"

ಹೋಗಬಾರದಿತ್ತು. ಹುಡುಗರ ನಗು ಇನ್ನೂ ಕಿವಿಯಲ್ಲಿತ್ತು. ಹೋದೆ.

ಕೊನೆಯ ಓವರ್ ನನಗೆ ಕೊಟ್ಟರು. ಹಾರನಹಳ್ಳಿಗೆ ಏಳು ರನ್ ಬೇಕಿತ್ತು, ಬ್ಯಾಟ್ ಹಿಡಿದವನು ಮನು. ಕೈ ಮೇಲೇಳದ ಕಾರಣ ಪಕ್ಕದಿಂದ ಬೀಸಿ ಹಾಕಿದೆ. ಮೊದಲನೆಯದೇ ಬೌಂಡರಿ. "ಬಾಡಿಗೆ ಬೀರ! ಬಾಡಿಗೆ ಬೀರ!" ಎಂದು ನಾನು ಎತ್ತಿ ಆಡಿಸಿದ ಹುಡುಗರೇ ಕೂಗಿದರು. ಮುಂದಿನ ನಾಲ್ಕು ಬಾಲು ಅವನ ಬ್ಯಾಟಿಗೆ ಸಿಗಲಿಲ್ಲ. ಒಂದೊಂದಕ್ಕೂ ಭುಜದ ನೋವಿಗೆ ಕಣ್ಣು ಕತ್ತಲಿಡುತ್ತಿತ್ತು.

ಕೊನೆಯ ಬಾಲಿಗೆ ಮೂರು ಬೇಕು. ಡಾಕ್ಟರ ಮಾತು ಅಲ್ಲೇ ಇರಲಿ ಎಂದು ಓಡಿ ಬಂದು ಇದ್ದಬದ್ದ ಬಲವೆಲ್ಲ ಹಾಕಿ ಎಸೆದೆ. ಭುಜದೊಳಗೆ ಏನೋ ಕಿತ್ತುಹೋದ ಹಾಗಾಯಿತು. ಬಾಲು ಮನುವಿನ ಕಾಲ್ಬೆರಳ ಹತ್ತಿರ ಬಿದ್ದು ನಡುವಿನ ಸ್ಟಂಪನ್ನು ಹಾರಿಸಿತು.

ನಮ್ಮೂರವರು ಒಬ್ಬೊಬ್ಬರಾಗಿ ಎದ್ದು ಹೊರಟರು. ಷಡಕ್ಷರಪ್ಪನವರು ಕಪ್ ಎತ್ತಿಕೊಂಡು ಹುಡುಗರ ಜೊತೆ ಫೋಟೋ ತೆಗೆಸಿಕೊಂಡರು. ಟೆಂಪೋ ಹತ್ತುವಾಗ, "ನಿನ್ ಮನೆ ಇಲ್ಲೇ ಅಲ್ವೇನೋ, ನಡ್ಕಂಡೋಗು" ಎಂದರು.

ಮನು ಹತ್ತಿರ ಬಂದ. ಕಣ್ಣು ಕೆಂಪಾಗಿತ್ತು.

"ಗೆದ್ಬುಟ್ಟೆ ಬಿಡು. ಇನ್ಮೇಲೆ ನಮ್ಮನೆ ಕಡೆ ಕಾಲಿಡ್ಬ್ಯಾಡ."

ಅದಾಗಿ ನಾಲ್ಕು ತಿಂಗಳಾಯಿತು. ಕೈ ಸೊಂಟದಿಂದ ಮೇಲೆ ಬರುವುದಿಲ್ಲ. ಎಡಗೈಯಲ್ಲಿ ಉಣ್ಣುತ್ತೇನೆ. ಅಕ್ಕನ ಮನೆ ನಮ್ಮ ಬೀದಿಯಲ್ಲೇ ಇದೆ, ನನ್ನನ್ನು ಕಂಡರೆ ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ. ನನ್ನ ಜನ್ಮದಲ್ಲಿ ನಾನು ಹಾಕಿದ ಅತಿ ಒಳ್ಳೆಯ ಬಾಲು ಅದು. ಹಾರನಹಳ್ಳಿಗಾಗಿ ಹಾಕಬೇಕಾಗಿತ್ತು.