ಅವ್ವ ಹೊರಗೆ ಕೂತಾಗ

ಹೈದರಾಬಾದಿನ ಮೆಹದಿಪಟ್ಟಣಂನ ಸಾವಿತ್ರಿಬಾಯಿಗೆ ತೆಲುಗು ಬಾರದು. ರಾಯಚೂರಿನ ಕಡೆಯಿಂದ ಬಂದು ಹತ್ತು ವರ್ಷವಾಯಿತು. ಗಂಡ ಹೈಟೆಕ್ ಸಿಟಿಯ ಕಂಪನಿಯೊಂದರ ಕ್ಯಾಬ್ ಓಡಿಸುತ್ತಾನೆ. ಬ್ಯಾಂಕಾಗಲಿ, ದವಾಖಾನೆಯಾಗಲಿ, ಅವಳ ಪರವಾಗಿ ಮಾತಾಡುವವಳು ಮಗಳು ಪಿಂಕಿ. ಸಂಜೆ ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಮಣೆ ಹಾಕಿಕೊಂಡು, ತಲೆ ಚಿಟ್ಟು ಹಿಡಿಯುವಷ್ಟು ಶಾಲೆಯ ಸುದ್ದಿ ಹೇಳುತ್ತಿದ್ದಳು.

ಈಗ ಹತ್ತನೇ ತರಗತಿ. ಮೂರು ತಿಂಗಳಿಂದ ಅವಳ ಮಾತು ನಿಂತಿದೆ. ಸರಿಯಾಗಿ ಉಣ್ಣುವುದಿಲ್ಲ, ಶಾಲೆಗೆ ಒಲ್ಲೆ ಎನ್ನುತ್ತಾಳೆ. ಸಾವಿತ್ರಿಬಾಯಿ ರೊಟ್ಟಿ ಬಡಿಯುತ್ತ ಖಾಲಿ ಮಣೆಯನ್ನೇ ನೋಡುತ್ತಾಳೆ. ಆ ವಟವಟ ಇನ್ನೊಮ್ಮೆ ಕೇಳಿದರೆ ಸಾಕು ಎಂದು ಅವಳ ಜೀವ ಹಂಬಲಿಸುತ್ತದೆ.

ಪಕ್ಕದ ಮನೆಯ ನರ್ಸ್ ಸುಹಾಸಿನಿ ಹೇಳಿದಳು: "ಮನಸ್ಸಿನ ಡಾಕ್ಟರಿಗೆ ತೋರಸ್ರಿ ಅಕ್ಕಾರ."

"ನನ್ನ ಮಗಳಿಗೇನು ಹುಚ್ಚ ಹಿಡದೈತೇನು? ಮಂದಿ ಏನಂದಾರು?"

"ಹುಚ್ಚಲ್ರಿ. ಮನಸ್ಸಿಗೂ ಬ್ಯಾನಿ ಬರತೈತಿ, ವಾಸೀನೂ ಆಗತೈತಿ. ಮೊದಲ ಪಿಂಕೀನ್ನ ಕೇಳ್ರಿ. ಸುಳ್ಳ ಹೇಳಿ ಕರಕೊಂಡ ಹೋಗಬ್ಯಾಡ್ರಿ."

ಕೊನೆಗೆ ಅವ್ವ ಕೇಳಿದಳು. ಪಿಂಕಿ "ಹೂಂ" ಎಂದಳು. ದವಾಖಾನೆಗೆ ಸುಹಾಸಿನಿಯೂ ಜೊತೆಗೆ ಹೋದಳು.

ಡಾಕ್ಟರಮ್ಮ ತೆಲುಗಿನಲ್ಲಿ ಮಾತು ಶುರು ಮಾಡಿದರು. ಅವ್ವ ಎಂದಿನಂತೆ ಮಗಳನ್ನೇ ಮೊಣಕೈಯಿಂದ ತಿವಿದಳು. "ಏನಂತಾರ?"

"ನಿದ್ದಿ ಬರತೈತೇನು ಅಂತ. ಬರತೈತಿ ಅಂದೆ."

ಪ್ರತಿ ಪ್ರಶ್ನೆಗೂ ಪಿಂಕಿ ಮೊದಲು ಅವ್ವನ ಮುಖ ನೋಡಿದಳು, ಆಮೇಲೆ ಎಲ್ಲ ಚೆನ್ನಾಗಿದೆ ಎಂದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಸುಹಾಸಿನಿಯ ಮೂಲಕ ಅವ್ವನಿಗೆ ಸ್ವಲ್ಪ ಹೊರಗೆ ಕೂರಲು ಹೇಳಿದರು.

ಸಾವಿತ್ರಿಬಾಯಿ ಸಿಡಿಮಿಡಿಗೊಂಡಳು. "ಹಡದಾಕಿ ನಾನು. ನನ್ನ ಮುಂದ ಮುಚ್ಚಿಡೋದೇನೈತಿ?"

"ನಿಮಗ ನೋವಾಗಬಾರದಂತನ ಮುಚ್ಚಿಡಾಕತ್ತಾಳ್ರಿ," ಎಂದಳು ಸುಹಾಸಿನಿ. "ಆಕಿ ಹೇಳಿದ್ದು ಡಾಕ್ಟರ್ ಕಡೆನ ಇರತೈತಿ. ಜೀವಕ್ಕ ಅಪಾಯ ಐತಿ ಅನಿಸಿದ್ರ ನಿಮಗ ತಿಳಸ್ತಾರ. ಔಷಧ ಬೇಕಾದ್ರೂ ಇಬ್ಬರಿಗೂ ಹೇಳೇ ಕೊಡ್ತಾರ."

ಇಬ್ಬರೂ ಹೊರಗೆ ಬಂದು ಕೂತರು. ಮುಚ್ಚಿದ ಬಾಗಿಲ ಆಚೆಯಿಂದ ಒಂದು ಸಣ್ಣ ದನಿ ಬಂತು, ನಿಂತಿತು, ಮತ್ತೆ ಶುರುವಾಯಿತು. ಈ ಸಲ ನಿಲ್ಲಲಿಲ್ಲ. ಅಳುತ್ತ, ತಡವರಿಸುತ್ತ ಪಿಂಕಿ ಮಾತಾಡುತ್ತಲೇ ಇದ್ದಳು. ಸಾವಿತ್ರಿಬಾಯಿಗೆ ಒಂದು ಮಾತೂ ತಿಳಿಯಲಿಲ್ಲ. ಸೆರಗನ್ನು ಬಾಯಿಗೊತ್ತಿಕೊಂಡು, ಮಗಳ ದನಿಯನ್ನು ಕಿವಿತುಂಬ ಕೇಳಿದಳು.

ಹೊರಬಂದ ಪಿಂಕಿ, "ಅವ್ವಾ, ಮುಂದಿನ ವಾರ ಮತ್ತ ಬರೂಣೇನು?" ಎಂದಳು.

ಏನು ಹೇಳಿದಿ ಎಂಬ ಪ್ರಶ್ನೆ ಅವ್ವನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. "ಬರೂಣವ್ವ. ನಾ ಹೊರಗ ಕೂಡ್ತೀನಿ."

ಆ ಮಣೆ ಇನ್ನೂ ಎಷ್ಟೋ ಸಂಜೆ ಖಾಲಿ ಇರುತ್ತದೆ. ಆದರೆ ಮೊನ್ನೆ ಬುಧವಾರ ಪಿಂಕಿ ಬಂದು ಕೂತು, ಅರ್ಧ ರೊಟ್ಟಿ ತಿಂದು, ಶಾಲೆಯ ಒಂದು ಸುದ್ದಿ ಹೇಳಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹುಡುಗ ಹುಡುಗಿಯರು ಎರಡು ವಾರ ಮೀರಿ ಮಂಕಾಗಿದ್ದರೆ ಕಾಯಬೇಡಿ. ಸಾಯುವ ಮಾತಾಡಿದರೆ ಅಂದೇ ಡಾಕ್ಟರ ಬಳಿಗೆ ಹೊರಡಿ. ಅವರನ್ನು ಕೇಳಿ, ಒಪ್ಪಿಸಿ ಕರೆದೊಯ್ಯಿರಿ. ಅಲ್ಲಿ ಎಷ್ಟೇ ಕಷ್ಟವಾದರೂ ಸ್ವಲ್ಪ ಹೊತ್ತು ಹೊರಗೆ ಕೂತಿರಿ. ಅವರು ಬಾಗಿಲು ತೆರೆದು ಬಂದಾಗ ನೀವು ಅಲ್ಲೇ ಇರಬೇಕು.