ಇನ್ನೂ ಓದಿ ಮುಗಿದಿಲ್ಲ

ಸೋಮವಾರ ಮಧ್ಯಾಹ್ನದ ಹೊತ್ತಿಗೆ ಅಕ್ಕ ಮತ್ತೆ ಬದುಕಿದ್ದಳು.

ಇದು ಮೂರನೆಯ ಸಲ. ಪರದೆಯ ಮೇಲೆ ಅಕ್ಕನ ಹೆಸರು, ಪಕ್ಕದಲ್ಲಿ 'ಜೀವಂತ', ಕೆಳಗೆ ಮನೆಯ ವಿಳಾಸ, ಅದರ ಕೆಳಗೆ 'ಈಗ ಓದುತ್ತಿರುವ ಪುಸ್ತಕ: ಒಂದು'. ಚಿಕ್ಕಮ್ಮ ಕುರ್ಚಿಗೆ ಒರಗಿದಳು. ಆಸ್ಪತ್ರೆಯಲ್ಲಿ ಅಕ್ಕನ ಕಣ್ಣು ಮುಚ್ಚಿದ್ದು ಅವಳದೇ ಕೈ. ಆ ರೆಪ್ಪೆಯ ತಣ್ಣಗಿನ ಸ್ಪರ್ಶ ಬೆರಳ ತುದಿಯಿಂದ ಇನ್ನೂ ಹೋಗಿರಲಿಲ್ಲ.

ಅವಳು ಚಿಕ್ಕಮ್ಮನಾದದ್ದು ಅಕ್ಕನ ಮಗಳು ಗುಬ್ಬಿಯಿಂದ. ಮೂರನೇ ಕ್ಲಾಸಿನ ಆ ಹುಡುಗಿ ಕರೆದು ಕರೆದು ಕಚೇರಿಯಲ್ಲೂ ಅದೇ ಹೆಸರು ಅಂಟಿಕೊಂಡಿತು. ನಮಗೂ ಅಷ್ಟೇ ಸಾಕು.

ಕಚೇರಿಯಲ್ಲಿ ಅವಳ ಕೆಲಸ 'ಕನ್ನಡಿ'ಯನ್ನು ನೋಡಿಕೊಳ್ಳುವುದು. ಊರಿನಲ್ಲಿ ಆಸ್ಪತ್ರೆಗೊಂದು ಡೇಟಾಬೇಸ್, ಶಾಲೆಗಳಿಗೊಂದು, ನೀರಿನ ಇಲಾಖೆಗೊಂದು, ಗ್ರಂಥಾಲಯಕ್ಕೊಂದು. ಒಂದರ ಭಾಷೆ ಇನ್ನೊಂದಕ್ಕೆ ಬಾರದು, ಓರಗಿತ್ತಿಯರ ಹಾಗೆ ಒಂದಕ್ಕೊಂದು ಮಾತೂ ಇಲ್ಲ. ಅವೆಲ್ಲದರ ಮೇಲೆ ಕನ್ನಡಿ. ಅದರ ಹೊಟ್ಟೆಯಲ್ಲಿ ಸ್ವಂತದ್ದು ಒಂದಕ್ಷರವೂ ಇಲ್ಲ. ತಾಯಿ ಎಂದರೆ ಯಾರು, ಪೋಷಕರೆಂದರೆ ಯಾರು, ಬದುಕಿರುವವರೆಂದರೆ ಯಾರು, ಈ ಅರ್ಥಗಳಷ್ಟೇ ಅದಕ್ಕೆ ಗೊತ್ತು. ಏನಾದರೂ ಕೇಳಿದರೆ ಕೆಳಗಿನ ಡೇಟಾಬೇಸುಗಳನ್ನು ನೋಡಿ ಉತ್ತರ ಹೇಳುತ್ತದೆ. ತಿದ್ದುವುದೂ ಅದರ ಮೂಲಕವೇ: 'ಹೀಗಿರಬೇಕು' ಎಂದು ಮೇಲೆ ಹೇಳಿದರೆ, ಕೆಳಗೆ ಎಲ್ಲಿ ಏನು ಬದಲಾದರೆ ಹಾಗಾದೀತೆಂದು ಅದೇ ಹುಡುಕಿ ಬದಲಾಯಿಸುತ್ತದೆ. ಬಹಳ ಜಾಣ ವಸ್ತು. ಜಾಣತನ ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ಮುಂದೆ ನೋಡುವಿರಂತೆ.

ಹಿಂದೊಮ್ಮೆ ಆಸ್ಪತ್ರೆಯ ಗುಮಾಸ್ತ ಬದುಕಿದ್ದವರೊಬ್ಬರನ್ನು ಸತ್ತವರ ಸಾಲಿಗೆ ಸೇರಿಸಿ ದೊಡ್ಡ ರಾದ್ಧಾಂತವಾಗಿತ್ತು. ಆಗ ಈ ಚಿಕ್ಕಮ್ಮನೇ ಒಂದು ನಿಯಮ ಬರೆದಳು: ಸಾವಿನ ನಮೂದಾದ ಮೇಲೂ ಯಾರಾದರೂ ಗ್ರಂಥಾಲಯದ ಪುಸ್ತಕ ಪಡೆದರೆ, ಅವಧಿ ಮುಂದುವರಿಸಿದರೆ, ಆ ಸಾವಿನ ನಮೂದು ತಪ್ಪು, ಆ ವ್ಯಕ್ತಿ ಜೀವಂತ. ಸಭೆಯಲ್ಲಿ ಯಾರೋ ಅನುಮಾನ ಎತ್ತಿದಾಗ, "ಸತ್ತೋರೇನು ಎದ್ದು ಬಂದು ಪುಸ್ತಕ ತಗೊಂಡು ಹೋಗ್ತಾರಾ?" ಎಂದಿದ್ದಳು. ಎಲ್ಲರೂ ನಕ್ಕು ಒಪ್ಪಿಗೆ ಕೊಟ್ಟಿದ್ದರು. ಆ ನಗು ಈಗ ಅವಳ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. ನಿಯಮ ಬದಲಿಸೋಣವೆಂದರೆ ಎಲ್ಲ ಇಲಾಖೆಗಳ ಒಪ್ಪಿಗೆ ಬೇಕು, ಅದು ಇವತ್ತು ನಾಳೆ ಆಗುವ ಮಾತಲ್ಲ.

ಶುಕ್ರವಾರ ಮಕ್ಕಳ ಇಲಾಖೆಯ ಅಧಿಕಾರಿಣಿ ಬರುವವಳಿದ್ದಳು. ಗುಬ್ಬಿಯ ಅಪ್ಪ ಅವಳು ಹುಟ್ಟುವ ಮೊದಲೇ ಕೈಕೊಟ್ಟು ಹೋದವನು. ಈಗ ಕನ್ನಡಿಯಲ್ಲಿ ತಾಯಿ ಜೀವಂತ, ಮನೆಯಲ್ಲಿ ತಾಯಿ ಇಲ್ಲ. ಅಂದರೆ ಗುಬ್ಬಿ 'ತಾಯಿ ಬಿಟ್ಟುಹೋದ ಮಗು', ಮಕ್ಕಳ ನಿಲಯಕ್ಕೆ ಹೋಗಬೇಕಾದವಳು. ಚಿಕ್ಕಮ್ಮ ಸಾವಿನ ಪತ್ರ ಹಿಡಿದುಕೊಂಡೇ ಆ ಅಧಿಕಾರಿಣಿಯ ಹತ್ತಿರ ಹೋಗಿದ್ದಳು. "ಪತ್ರ ಇರ್ಲಿ ಮೇಡಂ, ಕನ್ನಡಿ ಏನ್ ಹೇಳತ್ತೋ ಅದೇ ನಮಗೆ. ನೀವೇ ಅಲ್ವಾ ಹಾಗೆ ಮಾಡಿದ್ದು?" ಎಂದಿದ್ದಳು ಆಕೆ. ಚಿಕ್ಕಮ್ಮ ಪತ್ರ ಮಡಿಸಿ ಬ್ಯಾಗಿಗೆ ಹಾಕಿಕೊಂಡು ಬಂದಿದ್ದಳು.

ಇದೆಲ್ಲದರ ಮೇಲೆ ಇನ್ನೊಂದು. ಶಾಲೆ ಬಿಟ್ಟ ಮೇಲೆ ಗುಬ್ಬಿ ಕಚೇರಿಗೇ ಬಂದು ಕೂರುತ್ತಿದ್ದಳು. ಹೋದ ವಾರ ಕುರ್ಚಿಯ ಹಿಂದೆ ನಿಂತು ಪರದೆಯನ್ನು ಅಕ್ಷರ ಕೂಡಿಸಿ ಓದಿದ್ದಳು. "ಅಮ್ಮ ಓದ್ತಾ ಇದಾಳಂತೆ ಚಿಕ್ಕಮ್ಮ." ಅವತ್ತಿನಿಂದ ಮನೆಯಲ್ಲಿ ಅಮ್ಮ ಓದಲು ಕೂರುತ್ತಿದ್ದ ಕಿಟಕಿ ಪಕ್ಕದ ಕುರ್ಚಿಯಲ್ಲಿ ಯಾರನ್ನೂ ಕೂರಲು ಬಿಡಳು. ಸಂಜೆಯಾದರೆ ಆ ಕುರ್ಚಿಯ ಮೇಲಿನ ದೀಪ ಹಾಕುತ್ತಾಳೆ. ಬೆಳಕು ಖಾಲಿ ಕುರ್ಚಿಯ ಮೇಲೆ ಬೀಳುತ್ತಿದ್ದರೆ ಚಿಕ್ಕಮ್ಮ ಅಡುಗೆಮನೆಗೆ ಸುತ್ತುಹಾಕಿ ಹೋಗುತ್ತಿದ್ದಳು. ಭಯವಾಗುತ್ತಿತ್ತು, ಸುಳ್ಳೇಕೆ?

ಗ್ರಂಥಾಲಯದ ಡೇಟಾಬೇಸಿನ ಒಂದು ಸಾಲಿನಲ್ಲಿ 'ಕೌಂಟರಿನಲ್ಲಿ ಕಾರ್ಡ್ ತೋರಿಸಿ ಅವಧಿ ಮುಂದುವರಿಸಲಾಗಿದೆ' ಎಂದಿತ್ತು. ಅಕ್ಕನ ಕಾರ್ಡು ಅವಳ ಸಾಮಾನಿನಲ್ಲಿ ಸಿಕ್ಕಿರಲಿಲ್ಲ. ಎದುರು ರಸ್ತೆಯಲ್ಲೇ ಇದ್ದ ಗ್ರಂಥಾಲಯಕ್ಕೆ ಹೋಗಿ ಕೇಳಲು ಎಷ್ಟು ಹೊತ್ತು? ಆದರೂ ಅವಳು ಹೋಗಿರಲಿಲ್ಲ, ಆ ಸಾಲನ್ನು ಅಳಿಸಿಬಿಡುತ್ತಿದ್ದಳು, ಮುಂದಿನ ವಾರ ಅದು ಮತ್ತೆ ಬರುತ್ತಿತ್ತು. ಹೋದರೆ ಅಲ್ಲಿ ಕಾರ್ಡು ಕದ್ದ ಯಾರೋ ಕಳ್ಳರು ಸಿಗುತ್ತಾರೆ. ಹೋಗದಿದ್ದರೆ ಅಲ್ಲಿ ಅಕ್ಕ ಇರಬಹುದು.

"ಸಾಲು ಅಳಿಸೋದು ಬಿಡಮ್ಮ," ಎಂದರು ಪಕ್ಕದ ಮೇಜಿನ ಸಾಹೇಬರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. "ನಿನಗೆ ಕೊನೆಗೆ ಏನಾಗ್ಬೇಕೋ ಅದನ್ನ ಕೇಳು. ದಾರಿ ಅದೇ ಹುಡುಕತ್ತೆ."

ಅವಳು ಬರೆದಳು: 'ಈ ಮಗುವಿಗೆ ಪೋಷಕಿ ನಾನೇ ಆಗಿರಬೇಕು.'

ಕನ್ನಡಿ ಕಣ್ಣು ಮಿಟುಕಿಸುವಷ್ಟರಲ್ಲಿ ಅತಿ ಚಿಕ್ಕ ದಾರಿ ತೋರಿಸಿತು. ಆಸ್ಪತ್ರೆಯ ಜನನದ ಸಾಲಿನಲ್ಲಿ ಒಂದೇ ಒಂದು ಬದಲಾವಣೆ: ಗುಬ್ಬಿಯ ತಾಯಿ, ಚಿಕ್ಕಮ್ಮ. ಸಾವು ಮುಟ್ಟಬೇಕಿಲ್ಲ, ಗ್ರಂಥಾಲಯ ಮುಟ್ಟಬೇಕಿಲ್ಲ. ಖಾಯಂ ಮಾಡುವ ಮೊದಲು ಹೇಗೆ ಕಾಣುತ್ತದೆಂದು ನೋಡಿದಳು. ಗುಬ್ಬಿಯ ಪುಟದಲ್ಲಿ 'ತಾಯಿ' ಎಂಬಲ್ಲಿ ತನ್ನ ಹೆಸರು. ಅದನ್ನು ಓದಿ ಎದೆ ಒಮ್ಮೆ ತುಂಬಿಬಂತು. ಆಸೆಯಾಯಿತು, ನಾಚಿಕೆಯಿಲ್ಲದ ಆಸೆ. ಆಮೇಲೆ ಅಕ್ಕನ ಪುಟ ತೆರೆದಳು. 'ಜೀವಂತ. ಮಕ್ಕಳು: ಇಲ್ಲ. ಈಗ ಓದುತ್ತಿರುವ ಪುಸ್ತಕ: ಒಂದು.'

"ಒತ್ತಿಬಿಡು. ಯಾರಿಗೆ ಗೊತ್ತಾಗತ್ತೆ?" ಎಂದರು ಸಾಹೇಬರು ಮೆಲ್ಲಗೆ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

ಒತ್ತಿದರೆ, ಮಗುವೂ ಇಲ್ಲದೆ, ಸಾವೂ ಇಲ್ಲದೆ, ಎಲ್ಲೋ ಒಂದು ಕುರ್ಚಿಯಲ್ಲಿ ಅಕ್ಕ ಪುಸ್ತಕ ಹಿಡಿದು ಕುಳಿತೇ ಇರುತ್ತಾಳೆ. ಚಿಕ್ಕಮ್ಮ ಒತ್ತದೆ ಎದ್ದಳು, ಚಪ್ಪಲಿ ಮೆಟ್ಟಿ ರಸ್ತೆ ದಾಟಿದಳು.

ಗ್ರಂಥಪಾಲಕಿ ನಗುತ್ತಲೇ ಎದುರುಗೊಂಡಳು. "ಆ ಕಾರ್ಡಾ? ನಿಮ್ಮಮ್ಮ ತರ್ತಾರಲ್ಲ, ಸೋಮವಾರ ಸೋಮವಾರ. ಇವತ್ತೂ ಬೆಳಿಗ್ಗೆನೇ ಬಂದಿದ್ರು. ಮಗಳಿಗೆ ಇನ್ನೂ ಓದಿ ಮುಗಿದಿಲ್ಲ ಅಂದ್ರು. ಈಗ ಹೇಗಿದಾರೆ ನಿಮ್ಮಕ್ಕ?"

ಚಿಕ್ಕಮ್ಮ ಬಾಯಿ ತೆರೆದಳು. "ಹುಷಾರಾಗಿದಾಳೆ," ಎಂದಳು. ಹೇಳಿ ತಾನೇ ಬೆಚ್ಚಿದಳು.

ಮನೆಯಲ್ಲಿ ಅವಳ ಅಮ್ಮ, ಅಂದರೆ ಗುಬ್ಬಿಯ ಅಜ್ಜಿ, ಒಗೆದ ಬಟ್ಟೆ ಮಡಿಸುತ್ತಿದ್ದಳು. ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ತನ್ನ ದಿಂಬಿನ ಕೆಳಗಿನಿಂದ ಪುಸ್ತಕ ತೆಗೆದಳು. ದಪ್ಪ ಕಾದಂಬರಿ, ಹಡಗು ಕಟ್ಟುವವರ ಕತೆ. ಕೊನೆಯ ಹತ್ತಿರ ಒಂದು ಕಡೆ ಅಕ್ಕನ ಹೇರ್‌ಪಿನ್ ಸಿಕ್ಕಿಸಿತ್ತು.

"ಆಸ್ಪತ್ರೆಗೆ ಹೊರಡೋವಾಗ ಹೇಳಿದ್ಲು ಕಣೆ. ಅಮ್ಮಾ, ವಾಪಸ್ ಕೊಟ್ಟುಬಿಡ್ಬೇಡ, ಬಂದು ಮುಗಿಸ್ತೀನಿ ಅಂತ. ನಾನು ಹ್ಞೂ ಅಂದಿದ್ದೆ."

"ಅಮ್ಮಾ, ಇದರಿಂದ ಗುಬ್ಬಿನ ಕರ್ಕೊಂಡು ಹೋಗ್ತಾರೆ."

ಅಜ್ಜಿಗೆ ಕನ್ನಡಿಯ ಕತೆ ಬಿಡಿಸಿ ಹೇಳಬೇಕಾಯಿತು. ಕೇಳುತ್ತಾ ಕೇಳುತ್ತಾ ಅವಳ ಕೈ ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿತ್ತು. ಕೊನೆಗೆ, "ಮೊಮ್ಮಗಳನ್ನ ಕಳ್ಕೊಳ್ಳೋ ಕೆಲಸ ಮಾಡ್ತೀನಾ ನಾನು? ಕೊಡೋಣ. ಆದ್ರೆ ಅರ್ಧಕ್ಕೆ ಬಿಟ್ಟು ಹೇಗೆ ಕೊಡ್ಲಿ?" ಎಂದು ಸೆರಗು ಬಾಯಿಗೆ ಹಿಡಿದಳು.

ಅಂದಿನಿಂದ ಮೂರು ಸಂಜೆ ಓದಿದರು. ಅಜ್ಜಿಗೆ ಕಣ್ಣು ಸಾಲದು, ಚಿಕ್ಕಮ್ಮ ನಾಲ್ಕು ಸಾಲಿಗೇ ಪುಸ್ತಕ ಕೆಳಗಿಟ್ಟಳು. ಹಾಗಾಗಿ ಗುಬ್ಬಿಯೇ ಓದಿದಳು, ಕಿಟಕಿ ಪಕ್ಕದ ಕುರ್ಚಿಯ ಕಾಲಬುಡದಲ್ಲಿ, ನೆಲದ ಮೇಲೆ ಕುಳಿತು. ಕಷ್ಟದ ಪದ ಬಂದಾಗಲೆಲ್ಲ ತಲೆಯೆತ್ತಿ ಖಾಲಿ ಕುರ್ಚಿಯ ಕಡೆ ನೋಡುತ್ತಿದ್ದಳು. ಆಮೇಲೆ ಪದ ಹೇಗೋ ಸರಿಯಾಗಿಯೇ ಬರುತ್ತಿತ್ತು. ಕೊನೆಯ ಪುಟ ಮುಗಿದ ಮೇಲೆ ಗುಬ್ಬಿ ಪುಸ್ತಕ ಮುಚ್ಚಿ, ಹೇರ್‌ಪಿನ್ನನ್ನು ತನ್ನ ಕೂದಲಿಗೆ ಸಿಕ್ಕಿಸಿಕೊಂಡಳು.

ಗುರುವಾರ ಅಜ್ಜಿಯೇ ಕೌಂಟರಿಗೆ ಹೋದಳು. "ಮುಗೀತಾ?" ಎಂದು ಗ್ರಂಥಪಾಲಕಿ ಕೇಳಿದಳಂತೆ. "ಮುಗೀತಮ್ಮ," ಎಂದು ಅಜ್ಜಿ ಕಾರ್ಡನ್ನೂ ಅಲ್ಲೇ ಬಿಟ್ಟುಬಂದಳು.

ಶುಕ್ರವಾರ ಬೆಳಿಗ್ಗೆ ಚಿಕ್ಕಮ್ಮ ಕನ್ನಡಿಗೆ 'ಇವರು ಜೀವಂತ ಇಲ್ಲ' ಎಂದು ಬರೆದಳು. ಸಾವಿನ ನಂತರದ ಸಾಲುಗಳು ಗ್ರಂಥಾಲಯದಿಂದ ಹೋದವು. ಅದಾದ ಮೇಲೆಯೇ ಪೋಷಕಿಯ ಜಾಗದಲ್ಲಿ ತನ್ನ ಹೆಸರು ಸೇರಿಸಿದಳು. ತಾಯಿಯ ಜಾಗದಲ್ಲಿ ಅಕ್ಕನ ಹೆಸರು ಇದ್ದಂತೆಯೇ ಇತ್ತು. ಅಧಿಕಾರಿಣಿ ಬಂದಳು, ನೋಡಿದಳು, "ಈಗ ಸರಿಯಾಯ್ತು," ಎಂದು ಸಹಿ ಹಾಕಿ ಹೋದಳು. ಗುಬ್ಬಿ ಮನೆಯಲ್ಲೇ ಉಳಿದಳು.

ಗೆದ್ದವಳು ನಿರಾಳವಾಗಿರಬೇಕು ತಾನೇ? ಸೋಮವಾರ ಚಿಕ್ಕಮ್ಮ ಎಲ್ಲರಿಗಿಂತ ಮೊದಲೇ ಬಂದು, ಬ್ಯಾಗನ್ನೂ ಇಳಿಸದೆ ಅಕ್ಕನ ಪುಟ ತೆರೆದಳು. 'ನಿಧನ.' ಮತ್ತೆ ತೆರೆದಳು. 'ನಿಧನ.' ಇಷ್ಟು ವಾರ ಶಾಪ ಹಾಕುತ್ತಲೇ ತಾನು ಆ 'ಜೀವಂತ'ವನ್ನು ನೋಡಲೆಂದೇ ಓಡೋಡಿ ಬರುತ್ತಿದ್ದೆನೆಂಬುದು ಆಗ ತಿಳಿಯಿತು. ಮಧ್ಯಾಹ್ನದವರೆಗೂ ತೆರೆಯುತ್ತಲೇ ಇದ್ದಳು. ಸಾಹೇಬರು ನೋಡಿಯೂ ನೋಡದವರಂತೆ ಇದ್ದರು.

ಶಾಲೆ ಬಿಟ್ಟು ಬಂದ ಗುಬ್ಬಿ ಕುರ್ಚಿಯ ಹಿಂದೆ ನಿಂತಳು. "ಅಮ್ಮ ಈಗ ಯಾವ ಪುಸ್ತಕ ತಗೊಂಡಿದಾಳೆ?"

ಹುಷಾರಾಗಿದಾಳೆ ಎಂದಿದ್ದ ನಾಲಿಗೆ ಈ ಸಲ ಅತ್ತ ತಿರುಗಲಿಲ್ಲ. "ಯಾವುದೂ ಇಲ್ಲ ಕಣೆ. ಅಮ್ಮ ಇಲ್ಲ."

ಗುಬ್ಬಿ ಪರದೆಯನ್ನು ನಿಧಾನವಾಗಿ ಓದಿದಳು. "ಹೋದ ಸಲ ಇದಾಳೆ ಅಂತ ಇತ್ತು. ಇಲ್ಲ ಅಂತ ಯಾರು ಬರೆದ್ರು?"

ಚಿಕ್ಕಮ್ಮ ಕುರ್ಚಿ ತಿರುಗಿಸಿ ಅವಳ ಎರಡೂ ಕೈ ಹಿಡಿದುಕೊಂಡಳು.

"ನಾನೇ ಬರೆದೆ, ಪುಟ್ಟಾ."